ಒಂಟಿಕೂಗನ ಮೂಲ

ಇಲ್ಲದ ಪ್ರಾಣಿಯ ಕುಲಗೋತ್ರಕ್ಕಾಗಿ ಇರುವ ಮನುಷ್ಯರು ಎಷ್ಟು ಕಚ್ಚಾಡಬಲ್ಲರು ಎಂದು ತಿಳಿಯಬೇಕಾದರೆ ತೀರ್ಥಹಳ್ಳಿಯ ಶಿಲ್ಪಶ್ರೀಯ ಫೋನು ನೋಡಬೇಕು. ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಮಾಡುವ ಹುಡುಗಿ ಅವಳು. ಕೆಲಸ ಮುಗಿದದ್ದೇ ತಡ, ‘ಕತ್ತಲಕಾನು’ ಎಂಬ ವಿಡಿಯೋ ಗೇಮ್ ಹಚ್ಚಿಕೊಂಡು ಕೂರುತ್ತಾಳೆ. ಆಟವೇನೋ ಸರಳ. ದಟ್ಟ ಕಾಡಿನಲ್ಲಿ ದಾರಿ ತಪ್ಪಿದ ನೀವು ಕತ್ತಲಾಗುವುದರೊಳಗೆ ಊರು ಸೇರಬೇಕು. ಆ ಕಾಡಿನಲ್ಲೊಂದು ಪ್ರಾಣಿ ಇದೆ. ಅದು ಪೂರ್ತಿ ಕಣ್ಣಿಗೆ ಬೀಳುವುದೇ ಇಲ್ಲ. ಹುಲ್ಲು ಅಲ್ಲಾಡುತ್ತದೆ, ಬಂಡೆಯ ಮೇಲೆ ಒದ್ದೆ ಹೆಜ್ಜೆ ಮೂಡುತ್ತದೆ, ಆಮೇಲೆ ಎಲ್ಲಿಂದಲೋ ಒಂದು ಕೂಗು. ಒಂದೇ ಒಂದು. ಅದಕ್ಕೆ ನೀವು ಓಗೊಟ್ಟಿರೋ, ಕಥೆ ಮುಗಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಬದುಕಿದಿರಿ. ಆಡುವವರು ಆ ಪ್ರಾಣಿಗೆ ಒಂಟಿಕೂಗ ಎಂದು ಹೆಸರಿಟ್ಟಿದ್ದರು.

ಹೆಸರಿಟ್ಟು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ನಮ್ಮಲ್ಲಿ ಬರವೇ? ಒಂಟಿಕೂಗನ ಮೂಲ ಯಾವುದು ಎಂದು ಜಗಳ ಹತ್ತಿತು. ಅದು ಗೂಬೆಯ ಕೂಗು, ಕಂಪ್ಯೂಟರಿನಲ್ಲಿ ನಿಧಾನ ಮಾಡಿದ್ದಾರೆ ಎಂದು ಒಂದು ಪಕ್ಷ. ಅವರು ದನಿಯ ಏರಿಳಿತದ ಗೆರೆಗೆರೆಯ ಚಿತ್ರ ಹಾಕಿ ಸಾಧಿಸುತ್ತಿದ್ದರು. ಜಪಾನಿನ ಯಾವುದೋ ಬೆಟ್ಟದ ದೆವ್ವವನ್ನು ಕದ್ದು ತಂದಿದ್ದಾರೆ ಎಂದು ಇನ್ನೊಂದು ಪಕ್ಷ. ಕಾರ್ಗಲ್ಲಿನ ಸತೀಶ್ ಎಂಬುವನು, ಅಣೆಕಟ್ಟೆಯಲ್ಲಿ ಮುಳುಗಿದ ಊರುಗಳ ಜೀವವೇ ಹಾಗೆ ಕೂಗುವುದು, ನಮ್ಮಜ್ಜ ಕೇಳಿದ್ದಾರೆ ಎಂದು ಪುಟಗಟ್ಟಲೆ ಬರೆಯುತ್ತಿದ್ದ. ಅದೆಲ್ಲ ಬೊಗಳೆ, ಇದು ನಮ್ಮ ಕೂಗುಮಾರಿ ಎನ್ನುವುದು ಶಿಲ್ಪಶ್ರೀಯ ಪಕ್ಷ. ಈ ಜಗಳವೆಲ್ಲ ನಡೆಯುವ ಫೋನಿನ ಗುಂಪನ್ನು ನಡೆಸುವವಳೂ ಅವಳೇ. ಆಟ ಮಾಡಿದ ಕಂಪನಿಯವರನ್ನು ಕೇಳಿದರೆ, ‘ಕಾಡು ಕೊಟ್ಟಿದ್ದನ್ನು ತಗೊಂಡಿದ್ದೇವೆ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಜಾರಿಕೊಂಡಿದ್ದರು. ಜಗಳ ನಿಂತರೆ ಅವರ ವ್ಯಾಪಾರವೂ ನಿಲ್ಲುತ್ತದಲ್ಲ!

ಅಕ್ಕ ದೀಪಶ್ರೀಗೆ ಈ ಹುಚ್ಚಾಟ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ಅವಳು ಹೊಸನಗರದಲ್ಲಿ ಹೈಸ್ಕೂಲಿನ ಗಣಿತದ ಟೀಚರು. ಗಂಡ ಪೂರ್ಣೇಶ್ ತೀರಿಹೋದ ಮೇಲೆ ಹತ್ತಿರದ ನಗರ ಎಂಬ ಊರಿನ ಕಡೆಯ ಬೆಟ್ಟದ ಬುಡದ ಮನೆಯಲ್ಲಿ ಅತ್ತೆ ವೆಂಕಮ್ಮನ ಜೊತೆ ಇದ್ದಳು. ರಜೆಯಲ್ಲಿ ತಂಗಿಯ ಮನೆಗೆ ಬಂದವಳು ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಶಿಲ್ಪಶ್ರೀ ಹೆಡ್‌ಫೋನ್ ತಂದು ಅವಳ ಕಿವಿಗೆ ಸಿಕ್ಕಿಸಿದಳು.

“ಅಕ್ಕಾ, ಒಂದೇ ಒಂದ್ಸಲ ಕೇಳು ಮಾರಾಯ್ತಿ. ಕಾಡಿನ ಬುಡದಲ್ಲಿ ಇರೋಳು ನೀನು. ಇದು ಹಕ್ಕಿನಾ ಮನುಷ್ಯನಾ ಹೇಳಿಬಿಡು. ಆ ಗೂಬೆ ಪಕ್ಷದೋರ ಬಾಯಿ ಮುಚ್ಚಿಸ್ಬೇಕು ನಾನು.”

ದೀಪಶ್ರೀ ಬೇಡ ಎನ್ನುವುದರೊಳಗೆ ಕೂಗು ಬಂತು. ಕೂ ಎಂದು ಮೇಲೆ ಹೋಗಿ, ತುದಿಯಲ್ಲಿ ಎರಡಾಗಿ ಸೀಳಿ, ಒಡೆದ ದನಿಯಲ್ಲಿ ಕೆಳಗೆ ಬಿತ್ತು. ಅವಳು ಹೆಡ್‌ಫೋನ್ ಕಿತ್ತು ಕೆಳಗಿಟ್ಟಳು.

“ಇದು ನಿನಗೆ ಎಲ್ಲಿ ಸಿಕ್ತು?”

“ಗೇಮಿಂದೇ ಅಕ್ಕ. ಯಾಕೆ, ಎಂತ ಆಯ್ತು?”

“ಶಿಲ್ಪಾ, ಇದು ನಿನ್ನ ಭಾವ.”

ಪೂರ್ಣೇಶನಿಗೆ ಕೂಗು ಹಾಕಲು ಬರುತ್ತಿರಲಿಲ್ಲ. ತುದಿಯಲ್ಲಿ ದನಿ ಒಡೆದು ಹೋಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಅವನು ಎಮ್ಮೆ ಕರೆಯುವುದನ್ನು ಕೇಳಿ ದೀಪಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ಒಡಕು ದನಿಯನ್ನು ಅವಳು ಕಡೆಯ ಸಲ ಕೇಳಿದ್ದು ಅವನು ಸತ್ತ ದಿನ. ಕೇಳಿದ್ದು ಅವನದೇ ಹೌದೋ ಅಲ್ಲವೋ ಎಂಬುದೇ ಅವಳ ಬದುಕನ್ನು ತಿನ್ನುತ್ತಿದ್ದ ಹುಳ.

ಅವತ್ತು ಮನೆಗೆ ಬರುವ ನೀರು ನಿಂತಿತ್ತು. ಬೆಟ್ಟದ ಮೇಲಿನ ಅಬ್ಬಿಯ ಝರಿಯಿಂದ ಪೈಪಿನಲ್ಲಿ ಇಳಿದು ಬರುವ ನೀರು ಅದು. ಪೈಪಿನ ಬಾಯಿಗೆ ತರಗೆಲೆ ಕಟ್ಟಿಕೊಂಡರೆ ಯಾರಾದರೂ ಹತ್ತಿಹೋಗಿ ಬಿಡಿಸಬೇಕು. ಮಧ್ಯಾಹ್ನದ ಕಾಫಿ ಕುಡಿದು ಪೂರ್ಣೇಶ್ ಹತ್ತಿಹೋದ. ಸ್ವಲ್ಪ ಹೊತ್ತಿಗೆ ತೊಟ್ಟಿಗೆ ನೀರು ಬಿತ್ತು. ಇನ್ನೇನು ಇಳಿದು ಬರುತ್ತಾನೆ ಎಂದು ದೀಪಶ್ರೀ ಒಲೆಗೆ ಉಪ್ಪಿಟ್ಟಿನ ಬಾಣಲೆ ಇಟ್ಟಳು. ಬೆಟ್ಟಕ್ಕೆ ಮಂಜು ಕವಿಯಿತು. ಆಗ ಬಂತು ಆ ಕೂಗು. ಅಂಗಳಕ್ಕೆ ಓಡಿ ಓಗೊಡಲು ಬಾಯಿ ತೆರೆದವಳ ರಟ್ಟೆಯನ್ನು ವೆಂಕಮ್ಮ ಗಟ್ಟಿಯಾಗಿ ಹಿಡಿದುಕೊಂಡರು.

“ಬೇಡ. ಒಂದೇ ಕೂಗಿಗೆ ಓಗೊಡ್ಬೇಡ. ಇನ್ನೊಂದ್ಸಲ ಕೂಗ್ಲಿ.”

ನಮ್ಮ ಕಡೆ ಇದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಹೊತ್ತು ಇಳಿದ ಮೇಲೆ ಕಾಡಿನಿಂದ ಒಂದೇ ಕೂಗು ಕೇಳಿದರೆ ತಿರುಗಿ ಕೂಗಬಾರದು, ಆ ಕಡೆ ಹೆಜ್ಜೆಯನ್ನೂ ಇಡಬಾರದು. ಮನುಷ್ಯನಾದರೆ ಮತ್ತೆ ಕೂಗುತ್ತಾನೆ. ಒಮ್ಮೆ ಕೂಗಿ ಸುಮ್ಮನಾಗುವುದು ಕೂಗುಮಾರಿ. ಓಗೊಟ್ಟವರ ಮನೆಯ ಒಂದು ಜೀವ ಅದರ ಪಾಲು. ಬಿ.ಎಸ್ಸಿ., ಬಿ.ಇಡಿ. ಮಾಡಿದ ದೀಪಶ್ರೀ ಇದನ್ನೆಲ್ಲ ನಂಬುತ್ತಿರಲಿಲ್ಲ. ಆದರೂ ನಿಂತಳು. ಎರಡನೆಯ ಕೂಗಿಗೆ ಕಾಯುತ್ತ ಅತ್ತೆ ಸೊಸೆ ಇಬ್ಬರೂ ಅಂಗಳದಲ್ಲಿ ನಿಂತೇ ಇದ್ದರು. ಬಾಣಲೆ ಸೀದ ವಾಸನೆ ಬಂತು. ಎರಡನೆಯ ಕೂಗು ಬರಲಿಲ್ಲ. ಪಕ್ಕದ ಮನೆಯ ಸುಬ್ಬಯ್ಯನವರು ಆಳುಗಳನ್ನು ಕರೆದುಕೊಂಡು ಟಾರ್ಚ್ ಹಿಡಿದು ಹತ್ತುವ ಹೊತ್ತಿಗೆ ತಡವಾಗಿತ್ತು. ಪೂರ್ಣೇಶ್ ಅಬ್ಬಿಯ ಕೆಳಗಿನ ಬಂಡೆಯಿಂದ ಜಾರಿ ಬಿದ್ದಿದ್ದ. ಮೈ ಇನ್ನೂ ಬಿಸಿ ಇತ್ತು. ‘ಸ್ವಲ್ಪ ಮುಂಚೆ ತಂದಿದ್ದರೆ ನೋಡಬಹುದಿತ್ತು’ ಎಂದರು ಡಾಕ್ಟರು. ಅವರು ಹೇಳಿಹೋದರು, ಅನುಭವಿಸುವವರು ಇವರು!

ಅಂದಿನಿಂದ ಅತ್ತೆ ಸೊಸೆಯ ನಡುವೆ ಜಗಳವೆಂಬುದು ಒಂದೂ ಇಲ್ಲ. ಜಗಳವಾದರೂ ಆಡಿದ್ದರೆ ಒಳ್ಳೆಯದಿತ್ತು. ಕೇಳಿದವರಿಗೆಲ್ಲ ವೆಂಕಮ್ಮ, ‘ಅದು ಕೂಗುಮಾರಿ, ನನ್ನ ಮಗನ್ನ ಎತ್ಕೊಂಡು ಹೋಗಿ ಆಮೇಲೆ ಕೂಗ್ತು’ ಎನ್ನುತ್ತಿದ್ದರು. ದೀಪಶ್ರೀ ತಲೆ ಬಗ್ಗಿಸಿ ಅನ್ನ ಬಡಿಸುತ್ತಿದ್ದಳು. ಕೂಗಿದವನು ಅವನೇ ಆಗಿದ್ದರೆ, ಕೈ ಹಿಡಿದು ನಿಲ್ಲಿಸಿದ ಈ ಮುದುಕಿಯೇ ಅವನನ್ನು ಕೊಂದದ್ದು ಎಂದು ಅವಳ ಮನಸ್ಸು ಹೇಳುತ್ತಿತ್ತು. ಅವನಲ್ಲದಿದ್ದರೆ ಹಾಗೆ ಯೋಚಿಸಿದ ತಾನೇ ಪಾಪಿ. ಎರಡರಲ್ಲಿ ಯಾವುದು ಎಂದು ತಿಳಿಯದೆ ಒಂದೇ ಮನೆಯಲ್ಲಿ ಬದುಕುವುದು ಸುಲಭವಲ್ಲ.

“ಖಾತ್ರಿನಾ ಅಕ್ಕ?” ಶಿಲ್ಪಶ್ರೀಯ ಮುಖದಲ್ಲಿ ರಕ್ತವಿರಲಿಲ್ಲ. “ಇದಕ್ಕೆ ಎಫೆಕ್ಟು, ಪ್ರತಿಧ್ವನಿ ಎಲ್ಲ ಹಾಕಿರ್ತಾರೆ. ನಿನಗೆ ಹಾಗೆ ಕೇಳಿರ್ಬಹುದು.”

“ಖಾತ್ರಿ ಮಾಡ್ಕೊಳ್ಬೇಕು ಅಂತಲೇ ಕೇಳ್ತಾ ಇದ್ದೀನಿ. ಇದನ್ನ ರೆಕಾರ್ಡ್ ಮಾಡಿದ್ದು ಯಾರು?”

ಆಟದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಅದಿತ್ತು. ಶಬ್ದ: ಶ್ರೀಶ, ಹೆಗ್ಗೋಡು. ಗುಂಪಿನವರು ಅವನನ್ನು ಕೇಳದೆ ಬಿಟ್ಟಿರಲಿಲ್ಲ. ಫೋನು, ಪತ್ರ, ಗೋಗರೆತ, ಬೈಗುಳ ಎಲ್ಲ ಆಗಿತ್ತು. ಆಸಾಮಿ ಯಾರಿಗೂ ತುಟಿ ಬಿಚ್ಚಿರಲಿಲ್ಲ.

ಹೆಗ್ಗೋಡಿಗೆ ಹೊರಟ ದಿನ ದೀಪಶ್ರೀ ಅತ್ತೆಗೆ ಸುಳ್ಳು ಹೇಳಲಿಲ್ಲ. “ಅವತ್ತಿನ ಕೂಗು ಒಬ್ಬರ ಹತ್ರ ಮಿಷನ್ನಲ್ಲಿ ಉಂಟಂತೆ. ಕೇಳ್ಕೊಂಡು ಬರ್ತೀನಿ” ಎಂದಳು. ವೆಂಕಮ್ಮ ಬಚ್ಚಲೊಲೆಯ ಮುಂದೆ ಕೂತಿದ್ದವರು ತಿರುಗಿ ನೋಡಿದರು. “ಹೋಗ್ಬೇಡ ಮಗಾ” ಎಂದರು. ಅಷ್ಟೇ. ಹೆದರಿಕೆ ಶುರುವಾಯಿತು ಇವರಿಗೆ ಎಂದುಕೊಂಡು ದೀಪಶ್ರೀ ಚಪ್ಪಲಿ ಮೆಟ್ಟಿದಳು.

ಸಾಗರಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೆಗ್ಗೋಡಿನಲ್ಲಿ ಇಳಿದು ಕೇಳಿದರೆ, ಮೊದಲ ಅಂಗಡಿಯವನೇ ಮನೆ ತೋರಿಸಿದ. ಶ್ರೀಶ ನಾಟಕಗಳಿಗೆ ಶಬ್ದ ಕೂಡಿಸುವುದನ್ನು ಕಲಿತವನು. ಮೈಕು ಹೊತ್ತು ಕಾಡು ಅಲೆದು ಹಕ್ಕಿ, ನೀರು, ಗಾಳಿಯ ಸದ್ದು ಹಿಡಿದು ಬೇಕಾದವರಿಗೆ ಕೊಡುತ್ತಿದ್ದ. ಬಾಗಿಲಿಗೆ ಬಂದವನು ಅವಳು ‘ಕತ್ತಲಕಾನು’ ಎನ್ನುತ್ತಿದ್ದಂತೆಯೇ ಕೈ ಮುಗಿದ.

“ಅದೊಂದು ಮಾತ್ರ ಕೇಳ್ಬೇಡಿ. ಗೂಬೆ ಅಂದ್ಕೊಳಿ, ದೆವ್ವ ಅಂದ್ಕೊಳಿ, ನಿಮ್ಮಿಷ್ಟ. ನಮಸ್ಕಾರ.”

“ನಾನು ಆಟ ಆಡೋಳಲ್ಲ” ಎಂದಳು ದೀಪಶ್ರೀ. “ಆ ಬೆಟ್ಟದ ಕೆಳಗಿನ ಮನೆಯೋಳು. ಅವತ್ತು ಸಂಜೆ ಅಂಗಳದಲ್ಲಿ ನಿಂತು ಆ ಕೂಗು ಕೇಳಿದೋಳು.”

ಶ್ರೀಶ ಬಾಗಿಲು ಹಿಡಿದುಕೊಂಡ. ಒಳಗಿನಿಂದ ಅವನ ಹೆಂಡತಿ ಶ್ರೀಗೌರಿ, “ಎಂತ ಆತು?” ಎಂದು ಕೇಳಿದಳು. “ಎಂತೂ ಇಲ್ಲೆ” ಎಂದನು. ಅವನ ದನಿ ಕೇಳಿದರೆ ಯಾರೂ ಅದನ್ನು ನಂಬುವಂತಿರಲಿಲ್ಲ.

ಕಂಪ್ಯೂಟರಿನ ಕೋಣೆಯಲ್ಲಿ ಕೂರಿಸಿದ ಮೇಲೆ ಅವನಾಗಿಯೇ ಹೇಳಿದ. ಕೇಳುವವರು ಒಬ್ಬರು ಸಿಗಲೆಂದು ಎಷ್ಟು ದಿನದಿಂದ ಕಾದಿದ್ದನೋ ಪಾಪ. ಅವತ್ತು ಅವನು ಅಬ್ಬಿಯ ಹತ್ತಿರ ಉದ್ದ ವೈರಿನ ಮೈಕು ಹೂಡಿ, ತಾನು ಬೆಟ್ಟದ ಆಚೆ ಮೈಯಲ್ಲಿ ಕೂತಿದ್ದನಂತೆ. ಕೂಗು ಹತ್ತಿರದಿಂದಲೇ ಕೇಳಿತಂತೆ.

“ನಾನು ಭೂತ ಗೀತ ನಂಬೋನಲ್ಲ ಮೇಡಂ. ಆದ್ರೂ ಒಂದೇ ಕೂಗು ಅಂದ ಕೂಡ್ಲೇ ನಾಲಿಗೆ ಏಳ್ಲಿಲ್ಲ. ಸಣ್ಣವನಿದ್ದಾಗ ಅಜ್ಜಿ ಹೇಳಿದ್ದು ಬಂದು ಕುತ್ತಿಗೆ ಹಿಡಿದು ಕೂತಹಾಗಾಯ್ತು. ಮೈಕು ಆಫ್ ಮಾಡೋದೂ ಮರೆತು ಸುಮ್ನೆ ಗಂಟುಮೂಟೆ ಕಟ್ಟಿದೆ, ಕೊನೆಗೆ ಮೈಕು ಎಳ್ಕೊಂಡು ಇಳಿದುಬಿಟ್ಟೆ. ಕೆಳಗೆ ರಸ್ತೆಗೆ ಬಂದಾಗ ಜನ ಟಾರ್ಚ್ ಹಿಡಿದು ಹತ್ತುತ್ತಿದ್ರು. ದನ ಕಳೆದಿರ್ಬೇಕು ಅಂದ್ಕೊಂಡೆ.”

“ಆಮೇಲೆ?”

“ಕೂಗು ಚೆನ್ನಾಗಿ ಬಂದಿತ್ತು. ಅದಷ್ಟನ್ನೇ ಕತ್ತರಿಸಿ ಗೇಮಿನೋರಿಗೆ ಕಳಿಸಿದೆ. ಉಳಿದದ್ದನ್ನ ಕೇಳಿದ್ದು ಎಷ್ಟೋ ದಿನದ ಮೇಲೆ. ಕೇಳಿ ನಗರದ ಕಡೆ ವಿಚಾರಿಸಿದೆ, ಸತ್ತದ್ದು ಗೊತ್ತಾಯ್ತು. ಅಷ್ಟೊತ್ತಿಗೆ ಅವರು ಆ ಕೂಗಿನ ಸುತ್ತಲೇ ಪ್ರಾಣಿ ಕಟ್ಟಿಬಿಟ್ಟಿದ್ರು. ವಾಪಸ್ ಕೊಡಿ ಅನ್ನೋ ಧೈರ್ಯ ಬರ್ಲಿಲ್ಲ ನಂಗೆ. ಜನ ಗೂಬೆ ಗೂಬೆ ಅಂತ ವಾದ ಮಾಡೋವಾಗ, ಅವರೇ ಗೆಲ್ಲಲಿ ದೇವರೇ ಅಂತ ಬೇಡ್ಕೊಳ್ತಿದ್ದೆ.”

“ಉಳಿದದ್ದು ಅಂದ್ರೆ ಎಂತದು?” ದೀಪಶ್ರೀ ಕೇಳಿದಳು.

ಅವನು ಹೆಡ್‌ಫೋನ್ ಕೊಟ್ಟ.

ಮೊದಲು ಬರೀ ಜೀರುಂಡೆ. ಆಮೇಲೆ ಪೈಪಿಗೆ ಕಲ್ಲು ಬಡಿಯುವ ಸದ್ದು. ‘ಹಾಳಾದ್ದು’ ಎಂದು ಪೂರ್ಣೇಶ್ ಗೊಣಗಿದ. ದೀಪಶ್ರೀಗೆ ಇನ್ನು ಯಾವ ಖಾತ್ರಿಯೂ ಬೇಕಿರಲಿಲ್ಲ. ಗುಳುಗುಳು ಎಂದು ನೀರು ನುಗ್ಗಿತು. ಕಲ್ಲುಗಳು ಉರುಳಿದವು, ಏನೋ ದೊಡ್ಡದು ಬಿತ್ತು. ಸ್ವಲ್ಪ ತಡೆದು ಆ ಕೂಗು ಬಂತು. ಆಟದಲ್ಲಿ ಕೇಳಿದ್ದಕ್ಕಿಂತ ಸಣ್ಣದಾಗಿ, ಸುಸ್ತಾಗಿ. ಮತ್ತೆ ಜೀರುಂಡೆ. ಮುಗಿಯಿತು ಎಂದು ಅವಳು ಕೈ ಎತ್ತುವಾಗ ಶ್ರೀಶ ತಡೆದ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, ಕೂಗು ಎನ್ನಲಾಗದಷ್ಟು ಮೆಲ್ಲಗೆ, ಪಕ್ಕದಲ್ಲಿ ಕೂತವರನ್ನು ಕರೆಯುವ ದನಿಯಲ್ಲಿ ‘ಅವ್ವಾ’ ಎಂದು ಕೇಳಿಸಿತು.

ದೀಪಶ್ರೀ ಹೆಡ್‌ಫೋನ್ ತೆಗೆದಿಟ್ಟಳು. ಆಮೇಲೆ ಅವಳಿಗೆ ಸಿಟ್ಟು ಬಂತು. ತಡೆಯಲಾರದ ಸಿಟ್ಟು.

“ನಿಮ್ಮ ಮೈಕಿಗೆ ಕೇಳ್ತು. ನಿಮಗೆ ಕೇಳ್ಲಿಲ್ಲ ಅಲ್ವಾ? ಅಷ್ಟು ಹತ್ರ ಇದ್ದು ಎದ್ದು ಓಡಿದಿರಲ್ರೀ!”

“ಹೌದು” ಎಂದನು ಶ್ರೀಶ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ನೀವು ಹ್ಞೂಂ ಅಂದ್ರೆ ನಾಳೆಯೇ ಎಲ್ಲರ ಮುಂದೆ ಹೇಳ್ತೀನಿ. ಯಾರದ್ದು, ಎಲ್ಲಿ, ನಾನೆಂತ ಮಾಡಿದೆ, ಎಲ್ಲ. ಈ ರೆಕಾರ್ಡು ಪೂರ್ತಿ ಕೇಳಿಸ್ತೀನಿ.”

“ಮೊದ್ಲು ಮನೇಲಿ ಒಬ್ಬರಿಗೆ ಹೇಳೋದುಂಟು” ಎಂದು ಅವಳು ಎದ್ದಳು. ಶ್ರೀಗೌರಿ ತಂದಿಟ್ಟ ಕಾಫಿ ಹಾಗೆಯೇ ಆರಿತು.

ಬಸ್ಸಿನಲ್ಲಿ ಕೂತು ಅವಳು ಆ ಮಾತನ್ನು ಮತ್ತೆ ಮತ್ತೆ ಮಸೆದಳು. ಅತ್ತೆ, ನಿಮ್ಮ ಮಗ ಎರಡನೇ ಸಲವೂ ಕರೆದ. ನಿಮ್ಮ ಶಾಸ್ತ್ರದ ಪ್ರಕಾರವೇ ಕರೆದ. ನಿಮ್ಮನ್ನೇ ಕರೆದ. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಂದೇ ಸಲ ಕಾರಿಬಿಡಬೇಕು. ಕೇಳಿ ಮುದುಕಿ ನೆಲಕ್ಕೆ ಬಿದ್ದು ಹೊರಳಾಡಲಿ, ನಾನು ಹೊರಳಾಡಿಲ್ಲವೇ? ಹೌದು, ಹೀಗೆಯೇ ಯೋಚಿಸಿದಳು. ದುಃಖ ಮನುಷ್ಯರನ್ನು ದೊಡ್ಡವರನ್ನಾಗಿ ಮಾಡುತ್ತದೆ ಎನ್ನುವವರು ಅದನ್ನು ಪುಸ್ತಕದಲ್ಲಿ ಓದಿರಬೇಕು.

ಮನೆ ಮುಟ್ಟಿದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ವೆಂಕಮ್ಮ ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ದೀಪಶ್ರೀ ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದಳು.

“ಅದು ಕೂಗುಮಾರಿ ಅಲ್ಲ ಅತ್ತೆ. ನಿಮ್ಮ ಮಗ. ನಿಮ್ಮ ಮಗನೇ ಕೂಗಿದ್ದು.”

ವೆಂಕಮ್ಮ ಮೊರ ಕೆಳಗಿಟ್ಟರು. ಹೌಹಾರಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

“ಗೊತ್ತು” ಎಂದರು.

“ಎಂತ ಗೊತ್ತು?”

“ಅವನದ್ದೇ ದನಿ ಅಂತ. ಅವತ್ತೇ ಗೊತ್ತಾಯ್ತು ನಂಗೆ. ಹೆತ್ತೋಳಿಗೆ ಗೊತ್ತಾಗದೆ ಇರ್ತದಾ?”

“ಗೊತ್ತಿದ್ದೂ ನನ್ನ ಕೈ ಹಿಡಿದು ನಿಲ್ಸಿದ್ರಾ?”

“ಗೊತ್ತಾಗಿದ್ದಕ್ಕೇ ಹಿಡಿದೆ ಮಗಾ. ಕೂಗುಮಾರಿ ದಾರಿಹೋಕರ ದನೀಲಿ ಯಾಕೆ ಬರ್ತದೆ? ನಮ್ಮ ಜೀವ ಯಾರ ಮೇಲೆ ಇರ್ತದೋ ಅವರ ದನೀಲೇ ಬರ್ತದೆ ಅಂತ ನಮ್ಮವ್ವ ಹೇಳ್ತಿದ್ಲು. ಅಷ್ಟು ಸರಿಯಾಗಿ ಅವನ ಹಾಗೇ ಕೇಳ್ತಲ್ಲ, ಅದಕ್ಕೇ ನಡುಕ ಬಂತು. ಓಗೊಟ್ರೆ ಅವನನ್ನ ಎಳ್ಕೊಂಡು ಹೋಗ್ತದೆ ಅಂತ ನಿನ್ನ ಹಿಡಿದೆ. ಬೇರೆ ಯಾರದ್ದಾದ್ರೂ ದನಿ ಆಗಿದ್ರೆ ನಾನೇ ಓಡ್ತಿದ್ದೆ ಕಣೇ. ಊರೋರ ಮಗ ಕೂಗಿದ್ರೆ ಓಡ್ತಿದ್ದೆ. ನನ್ನ ಮಗ ಆಗಿದ್ದಕ್ಕೆ ಹೋಗ್ಲಿಲ್ಲ.”

ದೀಪಶ್ರೀ ಮೆಟ್ಟಿಲ ಮೇಲೆ ಕೂತಳು. ಕಂಡ ಕಂಡವರ ಹತ್ತಿರ ಕೂಗುಮಾರಿ ಎನ್ನುತ್ತ, ನಿಜವನ್ನು ಸೆರಗಿನಲ್ಲಿ ಕಟ್ಟಿಕೊಂಡ ಕೆಂಡದಂತೆ ಇಟ್ಟುಕೊಂಡು ಈ ಹೆಂಗಸು ತನ್ನ ಎದುರಿಗೇ ಉಂಡು ಮಲಗಿ ಏಳುತ್ತಿದ್ದರು. ತಾನು ಬಸ್ಸಿನುದ್ದಕ್ಕೂ ಮಸೆದು ತಂದ ಮಾತಿನಿಂದ ಈ ಜೀವವನ್ನು ಇನ್ನು ಎಲ್ಲಿಗೆ ಇರಿಯುವುದು ಎಂದು ಅವಳಿಗೆ ತಿಳಿಯಲಿಲ್ಲ.

ವೆಂಕಮ್ಮ ಹುರುಳಿಯಲ್ಲಿ ಬೆರಳಾಡಿಸುತ್ತ ಕೇಳಿದರು. ಕೇಳುವಾಗ ಮುಖ ಎತ್ತಲಿಲ್ಲ.

“ಆಮೇಲೆ ಮತ್ತೆ ಕೂಗಿದ್ನಾ? ಆ ಮಿಷನ್ನಲ್ಲಿ ಮತ್ತೆಂತಾದ್ರೂ ಇತ್ತಾ?”

“ಇಲ್ಲ ಅತ್ತೆ.”

“ನಿಜ ಹೇಳು.”

“ಇಲ್ಲ ಅತ್ತೆ, ನಿಮ್ಮಾಣೆಗೂ ಇಲ್ಲ. ಕೂಗಿದ ಕೂಡ್ಲೇ ಜೀವ ಹೋಗಿರ್ಬೇಕು. ನಾವು ಹೋಗಿದ್ರೂ ಸಿಗ್ತಿರ್ಲಿಲ್ಲ.”

ಆಗ ವೆಂಕಮ್ಮ ಅತ್ತರು. ಮಗ ಸತ್ತ ದಿನವೂ ಹಾಗೆ ಅತ್ತವರಲ್ಲ. ದೀಪಶ್ರೀ ಹತ್ತಿರ ಹೋಗಿ ಅವರ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಹುರುಳಿಯೆಲ್ಲ ಜಗಲಿಯ ಮೇಲೆ ಚೆಲ್ಲಿಹೋಯಿತು.

ಅತ್ತೆ ಮುಖ ತೊಳೆಯಲು ಬಚ್ಚಲಿಗೆ ಹೋದಾಗ ದೀಪಶ್ರೀ ಕೊಟ್ಟಿಗೆಯ ಹಿಂದೆ ಹೋಗಿ ಶ್ರೀಶನಿಗೆ ಫೋನು ಮಾಡಿದಳು.

“ಎಲ್ಲರಿಗೂ ಗೂಬೆ ಅಂತಲೇ ಹೇಳಿಬಿಡಿ. ನನ್ನ ತಂಗಿಗೆ ನಾನು ಹೇಳ್ತೀನಿ, ಅವಳೂ ಗೂಬೆ ಅಂತಾಳೆ. ಇನ್ನು ಯಾರೂ ಇದನ್ನ ಕೆದಕಬಾರ್ದು. ಮತ್ತೆ ಆ ಕೊನೇದ್ದುಂಟಲ್ಲ, ಅದನ್ನ ಅಳಿಸಿ.”

“ಅಳಿಸಿದ್ರೆ ಮತ್ತೆ ಸಿಗೋದಲ್ಲ ಮೇಡಂ. ಅವರ ಕಡೇ ಮಾತು ಅದು. ನಿಮಗೆ ಒಂದು ಕಾಪಿ ಕಳಿಸ್ಲಾ? ಗುಟ್ಟಾಗಿ ಇಟ್ಕೊಳಿ.”

ಬೇಕು ಎನ್ನಲು ಅವಳ ಬಾಯಿ ತೆರೆಯಿತು. ಒಳಗೆ ಬಚ್ಚಲಿನಲ್ಲಿ ಅತ್ತೆ ತಂಬಿಗೆ ಇಟ್ಟ ಸದ್ದಾಯಿತು.

“ಬೇಡ” ಎಂದಳು. “ಅತ್ತೆ ಇರೋ ತನಕ ಅವನು ಕೂಗಿದ್ದು ಒಂದೇ ಸಲ.”